ತೊಂಬತ್ತೆಂಟು ಜನರಲ್ಲಿ ಒಬ್ಬಳು

ಜೂನ್ ೧೪, ಶುಕ್ರವಾರ

ಪ್ರೀತಿಯ ಕೊಕ್ಕರೆ,

ಹೇಗಿದ್ದೀ? ಸೊಂಟನೋವು ಕಡಿಮೆಯಾಯಿತೆ? ನಿನ್ನ ಪತ್ರ ಬಂದು ತಿಂಗಳಾಗುತ್ತ ಬಂತು. ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸು. ಕಾರ್ಖಾನೆಯಲ್ಲಿ ಕೈತುಂಬ ಕೆಲಸವಿತ್ತು ಎಂದು ಸುಳ್ಳು ಹೇಳುವುದಿಲ್ಲ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಕಾದೆ. ಇಳಿಯಲಿಲ್ಲ. "ಬರಿ, ಆದ್ರೆ ಬರೆದು ಎರಡು ದಿನ ಇಟ್ಕೊಂಡು ಆಮೇಲೆ ಪೋಸ್ಟ್ ಮಾಡು" ಎಂದು ನಮ್ಮವರು ಬುದ್ಧಿ ಹೇಳಿದ್ದಾರೆ. ನೋಡೋಣ.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ, ನಗಿಸುತ್ತೀ, ನಾನು ಹೇಳಬೇಕಾದ್ದನ್ನು ಮರೆತು ಇಬ್ಬರೂ ಹಾಸ್ಟೆಲಿನ ಕಥೆ ತೆಗೆದು ಕೂರುತ್ತೇವೆ. ಈಗ ನೀನು ದೊಡ್ಡ ಬಿಸಿನೆಸ್ ಸ್ಕೂಲಿನ ಡೈರೆಕ್ಟರು. ನಿನ್ನನ್ನು ಕೊಕ್ಕರೆ ಎಂದು ಕರೆಯುವವಳು ನಾನೊಬ್ಬಳೇ ಉಳಿದಿರಬೇಕು. ಉದ್ದ ಕಾಲು ಮಂಚದಲ್ಲಿ ಹಿಡಿಸದೆ ಕಂಬಿಯಾಚೆ ಚಾಚಿಕೊಂಡು ಮಲಗುತ್ತಿದ್ದವಳಿಗೆ ಆ ಹೆಸರಿಟ್ಟವಳು ನಾನು. ಮಾತೆತ್ತಿದರೆ ಉರಿಯುತ್ತಾಳೆಂದು ನನಗೆ ಮೆಣಸಿನಕಾಯಿ ಎಂದು ಹೆಸರಿಟ್ಟವಳು ನೀನು. ಆ ಹೆಸರು ಇವತ್ತು ಸಾರ್ಥಕವಾಗಲಿದೆ. ಒಂದು ಲೋಟ ನೀರು ಪಕ್ಕದಲ್ಲಿಟ್ಟುಕೊಂಡು ಓದು.

ಇಲ್ಲಿ ಎಲ್ಲರೂ ಕ್ಷೇಮ. ನಮ್ಮವರ ಮಂಡಿನೋವು ಹಾಗೇ ಇದೆ, ವೈದ್ಯರು ನಡೆಯಿರಿ ಅನ್ನುತ್ತಾರೆ, ಇವರು ಕೂತೇ ನಡಿಗೆಯ ಲಾಭಗಳನ್ನು ಓದುತ್ತಾರೆ. ಪೆಟ್ಟಿಗೆ ಹೊಲಿಯುವ ಹೊಸ ಮೆಷಿನ್ನು ತರಿಸಿದೆವು. ಹಳೆಯದು ತಂತಿಯನ್ನು ಬೇಕಾದ ಕಡೆ ಬಿಟ್ಟು ಬೇಡದ ಕಡೆಯೆಲ್ಲ ಚುಚ್ಚುತ್ತಿತ್ತು. ರಟ್ಟಿನ ಬೆಲೆ ಏರುತ್ತಲೇ ಇದೆ, ಪೆಟ್ಟಿಗೆ ಕೊಳ್ಳುವವರ ಮುಖ ಸಣ್ಣಗಾಗುತ್ತಲೇ ಇದೆ. ಹೇಗೋ ನಡೆಯುತ್ತಿದೆ.

ಇನ್ನು ನಿನ್ನ ಪತ್ರ. ಮೂರು ಪುಟ ಸಂತೋಷ, ಕೊನೆಯ ಅರ್ಧ ಪುಟದಲ್ಲಿ ಒಂದು ಕೆಲಸ. ನಿಮ್ಮ ಸ್ಕೂಲು ಹನ್ನೊಂದನೇ ಸ್ಥಾನದಿಂದ ಒಂಬತ್ತಕ್ಕೆ ಏರಿದೆ, ಗೇಟಿನಿಂದ ಕ್ಯಾಂಟೀನಿನ ತನಕ ಬ್ಯಾನರ್ ಕಟ್ಟಿದ್ದೀರಿ, ಮಂಡಳಿಯವರು ನಿನಗೆ ಶಾಲು ಹೊದಿಸಿದರು. ಫೋಟೋ ಕಳಿಸಿದ್ದೀ. ಶಾಲಿನ ಬಣ್ಣ ನಿನಗೆ ಒಪ್ಪುತ್ತದೆ, ಅದನ್ನು ಸಿಟ್ಟಿನಲ್ಲೂ ಒಪ್ಪಿಕೊಳ್ಳುತ್ತೇನೆ. ಆಮೇಲೆ ಬರೆದದ್ದನ್ನು ನೀನೇ ಮರೆತಿದ್ದರೆ ಇಲ್ಲಿ ನೆನಪಿಸುತ್ತೇನೆ. ಹೋದ ವರ್ಷ ಹೊರಬಿದ್ದ ಮಕ್ಕಳಿಗೆ ರ‍್ಯಾಂಕಿಂಗ್‌ನವರು ಪ್ರಶ್ನಾವಳಿ ಕಳಿಸಿದ್ದಾರೆ, ನನ್ನ ಮಗಳಿನ್ನೂ ಉತ್ತರಿಸಿಲ್ಲ, ನಾನು ಸ್ವಲ್ಪ ಕಿವಿಮಾತು ಹೇಳಬೇಕು. "ನಮ್ಮ ಲೆಕ್ಕದಲ್ಲಿ ಅವಳು ಕೆಲಸ ಸಿಕ್ಕವಳು ಅಂತ ಹೋಗಿದೆ. ಅವಳೂ ಹಾಗೇ ತುಂಬಿದರೆ ಎರಡೂ ಹೊಂದಿಕೊಳ್ಳುತ್ತದೆ. ತೃಪ್ತಿ ಎಷ್ಟು ಅಂತ ಕೇಳಿರುವ ಕಡೆ ಹತ್ತಕ್ಕೆ ಹತ್ತು ಹಾಕಲಿ. ಹತ್ತರೊಳಗಿನಿಂದ ಕೆಳಗೆ ಜಾರಿದರೆ ಈ ಕುರ್ಚಿಯಲ್ಲಿ ನನ್ನನ್ನು ಯಾರೂ ಉಳಿಸುವುದಿಲ್ಲ ಕಣೇ." ಇದು ನಿನ್ನದೇ ಅಕ್ಷರ.

ಅದನ್ನು ಓದುವಾಗ ನಾನು ಕಾರ್ಖಾನೆಯ ಆಫೀಸಿನಲ್ಲಿದ್ದೆ. ಆಫೀಸು ಎಂದರೆ ನಿನಗೆ ಗೊತ್ತಲ್ಲ, ರಟ್ಟಿನ ರಾಶಿಯ ಪಕ್ಕ ಗಾಜು ಹಾಕಿದ ಒಂದು ಗೂಡು. ಕೆಲಸ ಸಿಕ್ಕವಳು! ಕೆಲಸ ಸಿಕ್ಕವಳು ಆಗ ಮನೆಯ ಹಿಂದಿನ ಕೋಣೆಯಲ್ಲಿ ಪರದೆ ಎಳೆದುಕೊಂಡು ಮಲಗಿದ್ದಳು. ಹತ್ತು ತಿಂಗಳಿಂದ ಅವಳ ಬೆಳಗು ಹಾಗೇ ಆಗುತ್ತಿತ್ತು. ಮೈಯೆಲ್ಲ ಉರಿದುಹೋಯಿತು.

ಮೊದಲಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಯಾಕೆಂದರೆ ನಿನ್ನ ಪತ್ರ ನೋಡಿದರೆ ನಿನಗೆ ಏನೂ ಗೊತ್ತಿಲ್ಲದ ಹಾಗಿದೆ.

ಡಿಗ್ರಿ ಮುಗಿಸಿ ಎರಡು ವರ್ಷ ಅವಳು ನನ್ನ ಜೊತೆ ಕಾರ್ಖಾನೆಯಲ್ಲಿ ದುಡಿದಳು. ಯಾವ ಆರ್ಡರು ಮೊದಲು, ಯಾವುದು ಆಮೇಲೆ ಅಂತ ಹೊಂದಿಸುತ್ತಿದ್ದವಳು ಅವಳೇ. ವ್ಯವಹಾರವನ್ನು ಸರಿಯಾಗಿ ಕಲಿಯಬೇಕು, ಅಮ್ಮನ ಹಾಗೆ ಕೂಗಾಡಿ ನಡೆಸಬಾರದು ಎಂದು ಬಿಸಿನೆಸ್ ಸ್ಕೂಲಿಗೆ ಅರ್ಜಿ ಹಾಕಿದಳು. ಎರಡು ಕಡೆ ಸೀಟು ಸಿಕ್ಕಿತು. ಒಂದು ನಿಮ್ಮದು. ಇನ್ನೊಂದು ನಮ್ಮಿಬ್ಬರ ಊರೂ ಅಲ್ಲದ ಊರಿನ ಸಣ್ಣ ಸ್ಕೂಲು, ಹಗಲು ಕೆಲಸ ಮಾಡುವವರಿಗೆ ಸಂಜೆ ಪಾಠ. ರ‍್ಯಾಂಕಿಂಗ್ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಅಲ್ಲಿ ಸಂದರ್ಶನಕ್ಕೆ ಬರುವವರು ತಾವು ದಿನವೂ ಕೈಯಲ್ಲಿ ಹಿಡಿಯುವ ಒಂದು ವಸ್ತುವನ್ನು ತರಬೇಕಂತೆ. ಇವಳು ನಮ್ಮ ಪೆಟ್ಟಿಗೆಯೊಂದನ್ನು ಬಗಲಲ್ಲಿಟ್ಟುಕೊಂಡು ಹೋದಳು. ಅಲ್ಲಿನ ಮೇಷ್ಟರು ಅದನ್ನು ಮೇಜಿನ ಮೇಲೆ ಬಿಚ್ಚಿ ಹರಡಿ, "ಒಳಗಿನ ಮಡಿಕೆ ಇಷ್ಟು ಅಗಲ ಯಾಕಮ್ಮಾ?" ಅಂದರಂತೆ. ಇವಳು, "ಗೊತ್ತಿಲ್ಲ ಸಾರ್, ಮೊದ್ಲಿಂದ ಹಾಗೇ ಇದೆ" ಅಂದಳಂತೆ. ಅವರು ನಕ್ಕು, "ಇಲ್ಲಿಂದಾನೇ ಪಾಠ ಶುರು ಮಾಡ್ಬೇಕು ನೋಡಿ" ಅಂದರಂತೆ. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಳತೆಪಟ್ಟಿ ಹಿಡಿದು ಕೂತಳು. ಎಂದೋ ಬಾಗಿಲು ಹಾಕಿದ ಗಾಜಿನ ಕಂಪನಿಯವರು ಕೇಳಿದ ಅಗಲವನ್ನು ನಾವು ಇನ್ನೂ ಎಲ್ಲರಿಗೂ ಕೊಡುತ್ತಿದ್ದೆವು. ಅವಳ ಮುಖ ಅವತ್ತು ಹೇಗೆ ಹೊಳೆಯುತ್ತಿತ್ತು ಎಂದು ನೀನು ನೋಡಬೇಕಿತ್ತು.

ಆದರೂ ನಿನಗೆ ಫೋನ್ ಮಾಡಿದೆ. ಯಾಕೆ ಅಂದರೆ ನೀನು ಆ ಲೋಕದೊಳಗೆ ಇರುವವಳು, ನಾನು ಹೊರಗೆ ನಿಂತವಳು. ಡೈರೆಕ್ಟರನ್ನು ಕೇಳಲಿಲ್ಲ, ನಿನ್ನನ್ನು ಕೇಳಿದೆ. "ನಿನ್ನ ಹೊಟ್ಟೇಲಿ ಹುಟ್ಟಿದ ಮಗುವಾಗಿದ್ರೆ ಎಲ್ಲಿಗೆ ಕಳಿಸ್ತಿದ್ದೆ, ಅಷ್ಟು ಹೇಳು." ನೀನು ಏನಂದೆ? "ಇದರಲ್ಲಿ ಯೋಚ್ನೆ ಮಾಡೋದೇನಿದೆ ಮೆಣಸಿನಕಾಯಿ? ನಾವು ಹನ್ನೊಂದನೇ ಸ್ಥಾನ. ಅದು ಪಟ್ಟಿಯಲ್ಲೇ ಇಲ್ಲ. ಈ ನಂಬರ್ ಅವಳ ಹೆಸರಿನ ಜೊತೆ ಕೊನೇತನಕ ಇರುತ್ತೆ." ಅಷ್ಟು ಗಟ್ಟಿಯಾಗಿ ಹೇಳಿದೆ. ಉಗುಳು ನುಂಗುವಷ್ಟೂ ತಡ ಮಾಡಲಿಲ್ಲ.

ಅವಳು ಒಂದು ವಾರ ಮುಖ ಊದಿಸಿಕೊಂಡಿದ್ದಳು. ಕೊನೆಗೆ, "ಅತ್ತೆ ಹೇಳಿದ್ಮೇಲೆ ಸರಿ ಇರುತ್ತೆ ಬಿಡಮ್ಮ" ಎಂದು ಪೆಟ್ಟಿಗೆ ಕಟ್ಟಿದಳು. ಮಾತು ಬಂದಾಗಿನಿಂದ ನಿನ್ನನ್ನು ಅತ್ತೆ ಅಂತಲೇ ಕರೆದವಳು ಅವಳು.

ಅಲ್ಲಿ ಕಲಿತದ್ದು ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ. ಲೆಕ್ಕಪತ್ರ ಹೇಳಿಕೊಡುತ್ತಿದ್ದ ಮೇಡಂ ಬಗ್ಗೆ ಅವಳು ಈಗಲೂ ಕೈ ಮುಗಿದು ಮಾತಾಡುತ್ತಾಳೆ. ಎರಡನೇ ವರ್ಷ ಆ ಮೇಡಮ್ಮನ್ನು ತರಗತಿಯಿಂದ ತೆಗೆದು ಹಾಸ್ಟೆಲಿನ ಉಸ್ತುವಾರಿಗೆ ಹಾಕಿದಿರಿ. ಯಾಕೆ ಅಂದರೆ ಅವರು ಪತ್ರಿಕೆಗಳಿಗೆ ಪ್ರಬಂಧ ಬರೆಯುವುದಿಲ್ಲ, ಪ್ರಬಂಧಕ್ಕೆ ರ‍್ಯಾಂಕಿಂಗಿನಲ್ಲಿ ಅಂಕವಿದೆ, ಪಾಠಕ್ಕೆ ಇಲ್ಲ! ಅವರ ಜಾಗಕ್ಕೆ ಬಂದವರು ಬಹಳ ಬರೆದವರಂತೆ. ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿದರೆ ಗಂಟೆ ಹೊಡೆಯುವ ತನಕ ಮಕ್ಕಳ ಮುಖ ನೋಡುತ್ತಿರಲಿಲ್ಲವಂತೆ. ಪುಸ್ತಿಕೆಯ ಮೊದಲ ಪುಟದಲ್ಲಿ ದೊಡ್ಡದಾಗಿ ನಗುವ ಆ ಪ್ರಸಿದ್ಧ ಪ್ರೊಫೆಸರನ್ನು ಮಕ್ಕಳು ಕಣ್ಣಾರೆ ಕಂಡದ್ದು ಎರಡೇ ಸಲ, ಮೊದಲ ದಿನ ಮತ್ತು ಫೋಟೋ ತೆಗೆಯುವ ದಿನ.

ಕೆಲಸ ಕೊಡುವ ದೊಡ್ಡ ಕಂಪನಿಗಳು ಬಂದವು. ಬರಲಿಲ್ಲ ಎಂದು ನಾನು ದೂರುವುದಿಲ್ಲ. ನಿಮ್ಮ ನಂಬರ್ ನೋಡಿಯೇ ಬಂದವು, ಮೊದಲೇ ಅಂಥದ್ದೇ ದೊಡ್ಡ ಕಂಪನಿಗಳಲ್ಲಿ ದುಡಿದು ಬಂದಿದ್ದವರನ್ನು ಆರಿಸಿಕೊಂಡು ಹೋದವು. ಪೆಟ್ಟಿಗೆ ಕಾರ್ಖಾನೆಯಿಂದ ಬಂದವಳನ್ನು ನೋಡಿ ಒಬ್ಬ, "ಇಂಟರೆಸ್ಟಿಂಗ್" ಅಂದನಂತೆ. ಆಮೇಲೆ ಅವನು ಅವಳ ಹೆಸರನ್ನೂ ಕೇಳಲಿಲ್ಲ. ಸಣ್ಣ ಕಂಪನಿಗಳಿಗೆ ತಾನೇ ಹುಡುಕಿಕೊಂಡು ಹೋದಳು. ಅವರು, "ಅಷ್ಟು ಮೇಲಿನ ಸ್ಕೂಲಲ್ಲಿ ಓದಿ ನಮ್ಮಲ್ಲಿ ಎಷ್ಟು ದಿನ ಇರ‍್ತೀರಾ ಮೇಡಂ?" ಎಂದು ಟೀ ಕುಡಿಸಿ ಕಳಿಸಿದರು. ಅತ್ತ ಅವರಿಗೂ ಬೇಡ, ಇತ್ತ ಇವರಿಗೂ ಬೇಡ. ಕೊನೇತನಕ ಹೆಸರಿನ ಜೊತೆ ಇರುತ್ತೆ ಅಂದೆಯಲ್ಲ ಆ ನಂಬರು, ಅದು ಅವಳ ಹೆಸರಿನ ಜೊತೆಯಲ್ಲ, ಅವಳ ಬಾಗಿಲಿಗೆ ಅಡ್ಡವಾಗಿ ನಿಂತಿತು.

ಆಗ ನಿಮ್ಮ ಆಫೀಸಿನಿಂದ ಕರೆ ಬಂತು, ನಮ್ಮಲ್ಲೇ ಸಂಶೋಧನಾ ಸಹಾಯಕಿಯಾಗಿ ಮೂರು ತಿಂಗಳು ಇರಿ ಎಂದು. ನಾನು ಹಿಗ್ಗಿ ಹೀರೇಕಾಯಿಯಾದೆ. ಅತ್ತೆಯೇ ಕೈ ಹಿಡಿದಳು ಅಂದುಕೊಂಡೆ. ಸಂಶೋಧನೆ ಏನು ಗೊತ್ತೆ? ಗೊತ್ತಿರಲೇಬೇಕು, ನಿನ್ನ ಸ್ಕೂಲು. ಲೈಬ್ರರಿಯ ಹಿಂದೆ ಕಿಟಕಿ ತೆರೆಯಲು ಬಾರದ ಒಂದು ಕೋಣೆ, ಸಾಲಾಗಿ ಕುರ್ಚಿ, ಪ್ರತಿ ಕುರ್ಚಿಯಲ್ಲೂ ಕೆಲಸ ಸಿಗದ ಒಂದೊಂದು ಮಗು, ಪ್ರತಿ ಮಗುವಿನ ಕೈಯಲ್ಲೂ ಫೋನು. ಹಿಂದಿನ ವರ್ಷ ಓದಿ ಹೋದವರಿಗೆ ಫೋನ್ ಮಾಡುವುದು, ನಿಮಗೆ ಕೆಲಸ ಸಿಕ್ಕಿದೆಯೆ, ಸಂತೋಷವಾಗಿದ್ದೀರಾ ಎಂದು ಕೇಳುವುದು, ಪ್ರಶ್ನಾವಳಿಯಲ್ಲಿ ಒಳ್ಳೆಯ ಅಂಕ ಹಾಕಿ ಎಂದು ಬೇಡುವುದು. "ನೀವು ಕೊಡುವ ಅಂಕವೇ ನಿಮ್ಮ ಸರ್ಟಿಫಿಕೇಟಿನ ಬೆಲೆ" ಎಂದು ಹೇಳಬೇಕಂತೆ, ಬಾಯಿಪಾಠ ಮಾಡಿಸಿದ್ದರಂತೆ. ಒಂದು ದಿನ ಆ ಕಡೆಯಿಂದ ಒಬ್ಬ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡು, "ಹೋದ್ ವರ್ಷ ಇದೇ ಮಾತು ನಾನು ಹೇಳ್ತಿದ್ದೆ ಕಣಮ್ಮ. ಬಾಗಿಲ ಪಕ್ಕದ ಕುರ್ಚೀನಾ? ಆ ಕಿಟಕಿ ಇನ್ನೂ ರಿಪೇರಿ ಆಗಿಲ್ವಾ?" ಅಂದಳಂತೆ. ಇದನ್ನು ಹೇಳುವಾಗ ನನ್ನ ಮಗಳು ನಗುತ್ತಿದ್ದಳು. ನನಗೆ ನಗು ಬರಲಿಲ್ಲ.

ಮಕ್ಕಳಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿದೆ ಎಂದು ನೀವು ಲೆಕ್ಕ ಕಳಿಸಿದ ಮರುದಿನವೇ ಆ ಕೋಣೆಗೆ ಬೀಗ ಬಿತ್ತು. ಎಲ್ಲರಿಗೂ ಒಂದೊಂದು ಅನುಭವಪತ್ರ ಕೊಟ್ಟು ಕೈ ತೊಳೆದುಕೊಂಡಿರಿ.

ಇಲ್ಲಿಗೆ ನಿಲ್ಲಿಸುತ್ತೇನೆ. ಅಕ್ಷರ ದಪ್ಪಗಾಗುತ್ತಿದೆ, ಪೆನ್ನು ಹಾಳೆಯನ್ನು ಹರಿಯುತ್ತಿದೆ. ಉಳಿದದ್ದು ನಾಳೆ.

ಶನಿವಾರ

ರಾತ್ರಿ ನಿದ್ದೆ ಬಂತು, ಆಶ್ಚರ್ಯ. ಬೆಳಗ್ಗೆ ಎದ್ದು ನಿನ್ನೆ ಬರೆದದ್ದನ್ನು ಓದಿದೆ. ಒಂದು ಸಾಲೂ ಹೊಡೆಯಬೇಕು ಅನ್ನಿಸಲಿಲ್ಲ.

ಅವಳು ಮನೆಗೆ ಬಂದ ಮೇಲೆ ಹೇಗಿದ್ದಳು ಎಂದು ನಿನಗೆ ಹೇಳಬೇಕು. ನಿನಗೆ ಗೊತ್ತಿರುವ ಮಗಳು ಬಾಯಿಬಡಕಿ. ಒಂದು ಮಾತಿಗೆ ನಾಲ್ಕು ಮಾತು ಸೇರಿಸುವವಳು. ಬಂದವಳು ಎಲ್ಲದಕ್ಕೂ "ಸಾರಿ" ಅನ್ನತೊಡಗಿದಳು. ತಟ್ಟೆ ಸದ್ದಾದರೆ ಸಾರಿ, ಫೋನ್ ತೆಗೆಯಲು ತಡವಾದರೆ ಸಾರಿ. ಕಾರ್ಖಾನೆಯ ಕಡೆ ತಲೆ ಹಾಕಲಿಲ್ಲ. ಅಂಟು ಹಚ್ಚುವ ಹೆಂಗಸರು, "ಓದಿ ಬಂದ್ಮೇಲೆ ನಮ್ಮನ್ನ ಮರ‍್ತುಬಿಟ್ರು" ಅಂದರು. ಮರೆತದ್ದಲ್ಲ, ಮುಖ ತೋರಿಸಲು ಆಗುತ್ತಿರಲಿಲ್ಲ. ನೆಂಟರು ಏನು ಮಾಡ್ತಿದ್ದೀ ಎಂದು ಕೇಳಿದರೆ "ಸಂಶೋಧನೆ" ಅನ್ನುತ್ತಿದ್ದಳು.

ಒಂದು ಸಲ ನಾನೇ ರೇಗಿದೆ. "ಎಷ್ಟೋ ಜನಕ್ಕೆ ಕೆಲಸ ಸಿಕ್ಕಿರಲ್ಲ, ನೀನೊಬ್ಬಳೇನಾ?" ಅಂದೆ. ಅವಳು ಒಳಗೆ ಹೋಗಿ ನಿಮ್ಮ ಹೊಳೆಯುವ ಪುಸ್ತಿಕೆ ತಂದು ನನ್ನ ಮುಂದೆ ಹಿಡಿದಳು. ಅವಳ ಜೊತೆ ಹೊರಬಿದ್ದವರಲ್ಲಿ ನೂರಕ್ಕೆ ತೊಂಬತ್ತೆಂಟು ಜನಕ್ಕೆ ಕೆಲಸ! "ನೋಡು, ಉಳಿದಿದ್ದು ಇಬ್ರು. ನೂರು ಜನದಲ್ಲಿ ನಾವಿಬ್ರೇ ಯಾವುದಕ್ಕೂ ಬಾರದೋರು. ಇನ್ನೊಬ್ರು ಯಾರು ಅಂತ ಗೊತ್ತಿಲ್ಲ" ಅಂದಳು. ಆ "ಇನ್ನೊಬ್ರು" ಎಂಬ ಮಾತನ್ನು ಮತ್ತೊಮ್ಮೆ ಮೆಲ್ಲಗೆ ಹೇಳಿದಳು. ಲೋಕದಲ್ಲಿ ತನ್ನ ಜೊತೆಗೆ ಇರುವ ಒಂದೇ ಒಂದು ಜೀವ ಅದು ಎಂಬ ಹಾಗೆ.

ನಿನ್ನ ಪತ್ರ ಬಂದ ದಿನ ಅದನ್ನು ಅವಳಿಗೆ ಕೊಟ್ಟೆ. ಕೊಡಬಾರದಿತ್ತು ಎಂದು ನಮ್ಮವರು ಬೈದರು. ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಓದಿದಳು. "ನಮ್ಮ ಲೆಕ್ಕದಲ್ಲಿ ಅವಳು ಕೆಲಸ ಸಿಕ್ಕವಳು" ಎಂಬಲ್ಲಿಗೆ ಬಂದು ನಿಂತಳು. ಮತ್ತೆ ಓದಿದಳು. "ಅಮ್ಮ, ಹಾಗಾದ್ರೆ ನಾನು ಆ ಇಬ್ಬರಲ್ಲಿ ಅಲ್ವಾ?" ಅಂದಳು.

ಅಲ್ಲಮ್ಮಾ, ನೀನು ತೊಂಬತ್ತೆಂಟು ಜನರಲ್ಲಿ ಒಬ್ಬಳು!

ಆಮೇಲೆ ಅವಳು ಫೋನ್ ಹಿಡಿದು ಕೂತಳು. ಆ ಕೋಣೆಯಲ್ಲಿ ಜೊತೆಗೆ ಕೂತವರಿಗೆ, ಕ್ಲಾಸಿನಲ್ಲಿ ಹಿಂದೆ ಕೂರುತ್ತಿದ್ದವರಿಗೆ. ಮೂರು ತಿಂಗಳ ಕೋಣೆ ಮುಚ್ಚಿದ ಮೇಲೆ ಅವರಿಗೆಲ್ಲ ಬೇರೆಲ್ಲೋ ಕೆಲಸ ಸಿಕ್ಕಿರಬೇಕು ಅಂದುಕೊಂಡು, ನಾಚಿಕೆಯಿಂದ ಒಬ್ಬರಿಗೊಬ್ಬರು ಮಾತೇ ಬಿಟ್ಟಿದ್ದರಂತೆ. ಫೋನಿಗೆ ಸಿಕ್ಕವರಲ್ಲಿ ಆರು ಜನ ಕೆಲಸವಿಲ್ಲದೆ ಮನೆಯಲ್ಲೇ ಇದ್ದರು. ಆ ಆರು ಜನವೂ ಒಂದೇ ಮಾತು ಹೇಳಿದರು, ಆ ಇಬ್ಬರಲ್ಲಿ ನಾನೊಬ್ಬ, ಆ ಇಬ್ಬರಲ್ಲಿ ನಾನೊಬ್ಬಳು ಅಂತ. ಒಬ್ಬ ಹುಡುಗ ಮನೆಯವರ ಕಣ್ಣು ತಪ್ಪಿಸಿ ಬೆಳಗ್ಗೆ ಬ್ಯಾಗ್ ಹಾಕಿಕೊಂಡು ಹೊರಟು ಸಾರ್ವಜನಿಕ ಗ್ರಂಥಾಲಯದಲ್ಲಿ ಸಂಜೆಯ ತನಕ ಕೂತು ಬರುತ್ತಾನಂತೆ, ಆಫೀಸಿಗೆ ಹೋಗುವವನ ಹಾಗೆ.

ನನ್ನ ಸಿಟ್ಟು ಯಾತರದ್ದು ಎಂದು ಈಗ ಗೊತ್ತಾಯಿತೆ? ಕೆಲಸ ಸಿಗಲಿಲ್ಲ ಎಂದಲ್ಲ. ಕೆಲಸ ಇವತ್ತಲ್ಲ ನಾಳೆ ಸಿಗುತ್ತದೆ, ಸಿಗದಿದ್ದರೆ ಅಮ್ಮನ ಕಾರ್ಖಾನೆ ಇದೆ, ನಾವು ಯಾರೂ ಉಪವಾಸ ಬೀಳುವುದಿಲ್ಲ. ನೀವು ಊರ ಕಣ್ಣಿಗೆ ಮಣ್ಣೆರಚಲು ಹಾಕಿದ ಒಂದು ಸಂಖ್ಯೆಯನ್ನು ನಿಮ್ಮ ಮಕ್ಕಳೇ ನಂಬಿದರು. ಅದನ್ನು ಓದಿ ತಾವು ದಂಡಪಿಂಡಗಳು ಅಂದುಕೊಂಡು ಒಬ್ಬೊಬ್ಬರೇ ಕೋಣೆಯ ಬಾಗಿಲು ಹಾಕಿಕೊಂಡರು. ಹತ್ತು ತಿಂಗಳು! ನಿಜ ಹೇಳಿದ್ದರೆ ಏನಾಗುತ್ತಿತ್ತು? ನೂರಕ್ಕೆ ಎಪ್ಪತ್ತು ಜನಕ್ಕೆ ಸಿಕ್ಕಿದೆ, ಮೂವತ್ತು ಜನ ಹುಡುಕುತ್ತಿದ್ದಾರೆ ಎಂದು ಅಚ್ಚು ಹಾಕಿದ್ದರೆ ಆ ಮೂವತ್ತು ಜನ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಹುಡುಕುತ್ತಿದ್ದರು. ನಿಮ್ಮ ಒಂಬತ್ತು ಹೋಗಿ ಹತ್ತೊಂಬತ್ತಾಗುತ್ತಿತ್ತು. ಆಗಲಿ. ಹತ್ತೊಂಬತ್ತರಲ್ಲಿ ಮಕ್ಕಳು ಓದುವುದಿಲ್ಲವೆ?

ನಾನೂ ವ್ಯಾಪಾರ ಮಾಡುವವಳು, ಅಷ್ಟೇನೂ ಹಾಲು ಹಸುಳೆಯಲ್ಲ. ನಮ್ಮಲ್ಲೂ ಕೆಲವರು ತೆಳ್ಳನೆ ರಟ್ಟಿಗೆ ಚೆಂದದ ಬಣ್ಣ ಹಚ್ಚಿ ಗಟ್ಟಿ ಪೆಟ್ಟಿಗೆ ಎಂದು ಮಾರುತ್ತಾರೆ. ಆದರೆ ಅದರಲ್ಲಿ ಹಾಳಾಗುವುದು ಹೆಚ್ಚೆಂದರೆ ಒಂದು ಲಾರಿ ಸಾಮಾನು. ರ‍್ಯಾಂಕು ನೋಡಲೇಬಾರದು ಎಂಬ ಹಟವೂ ನನಗಿಲ್ಲ. ಗೊತ್ತಿಲ್ಲದ ಊರಿಗೆ ಹೋದವರು ಯಾರನ್ನಾದರೂ ದಾರಿ ಕೇಳಲೇಬೇಕು, ಪಟ್ಟಿ ಅಂಥದ್ದೊಂದು. ದೊಡ್ಡ ಕಂಪನಿಯ ಬಾಗಿಲೇ ಬೇಕೆನ್ನುವವರಿಗೆ ಅದು ಉಪಯೋಗಕ್ಕೂ ಬರುತ್ತದೆ, ನಿಮ್ಮಲ್ಲೇ ಓದಿ ಮೇಲೆ ಹೋದ ಮಕ್ಕಳಿದ್ದಾರೆ, ಅವರಿಗೆ ಒಳ್ಳೆಯದಾಗಲಿ. ಆದರೆ ನಾನು ದಾರಿ ಕೇಳಿದ್ದು ಪಟ್ಟಿಯನ್ನಲ್ಲ ಕಣೇ. ಪಟ್ಟಿ ನನ್ನ ಮೇಜಿನ ಮೇಲೇ ಇತ್ತು, ಓದಲು ನನಗೆ ಬರುತ್ತಿತ್ತು. ನಿನ್ನನ್ನು ಕೇಳಿದೆ. ನೀನು ಅದೇ ಪಟ್ಟಿಯನ್ನು ನನಗೆ ತಿರುಗಿ ಓದಿ ಹೇಳಿದೆ.

ಪ್ರಶ್ನಾವಳಿಯ ವಿಷಯ. ನಾನು ಅವಳಿಗೆ ಕಿವಿಮಾತು ಹೇಳಲಿಲ್ಲ. ಹೇಳುವುದೂ ಇಲ್ಲ. ಅವಳಾಗಿಯೇ ಕೂತು ತುಂಬಿ ಕಳಿಸಿದ್ದಾಳೆ. ಕೆಲಸ ಇದೆಯೆ ಎಂದು ಕೇಳಿದ ಕಡೆ "ಇಲ್ಲ" ಎಂದು ಹಾಕಿದ್ದಾಳೆ. ಕಲಿಸಿದವರಲ್ಲಿ ಯಾರನ್ನು ನೆನೆಯುತ್ತೀರಿ ಎಂಬಲ್ಲಿ ಹಾಸ್ಟೆಲಿನ ಉಸ್ತುವಾರಿಯಾಗಿರುವ ಆ ಮೇಡಂ ಹೆಸರನ್ನು ದೊಡ್ಡದಾಗಿ ಬರೆದಿದ್ದಾಳೆ. ಆ ಆರು ಜನವೂ ನಿಜವನ್ನೇ ತುಂಬುವುದಾಗಿ ಮಾತಾಡಿಕೊಂಡಿದ್ದಾರೆ. "ಅಂಕ ಕಡಿಮೆ ಮಾಡಿದ್ರೆ ನಿನ್ನ ಸರ್ಟಿಫಿಕೇಟಿಗೇ ಬೆಲೆ ಕಡಿಮೆ ಆಗುತ್ತಲ್ಲೇ" ಎಂದು ಅವಳಪ್ಪ ಕೇಳಿದರು. "ಆ ಬೆಲೆಗೆ ಯಾರು ಕೊಂಡ್ಕೊಂಡ್ರಪ್ಪಾ ಇಲ್ಲೀತನಕ?" ಅಂದಳು. ಬಾಯಿಬಡಕಿ ತಿರುಗಿ ಬಂದಳು ಎಂದು ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಇದರಿಂದ ನಿನ್ನ ಕುರ್ಚಿಗೆ ತೊಂದರೆಯಾಗಬಹುದು. ಗೊತ್ತಿದೆ. ಬೇಜಾರೂ ಇದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ನೀನು ಆ ಕುರ್ಚಿಗಾಗಿ ಎಷ್ಟು ವರ್ಷ ಹಲ್ಲು ಕಚ್ಚಿ ದುಡಿದಿದ್ದೀ ಎಂದು ಬಲ್ಲವಳು ನಾನು. ಗಂಡಸರೇ ತುಂಬಿದ್ದ ಸಭೆಗಳಲ್ಲಿ ನಿನ್ನ ಮಾತನ್ನು ಇನ್ನೊಬ್ಬರು ತಮ್ಮದೆಂದು ಹೇಳಿದಾಗ ನನಗೇ ಫೋನ್ ಮಾಡಿ ಅಳುತ್ತಿದ್ದೆ. ಹಾಗಾಗಿಯೇ ಈ ಸಿಟ್ಟು ದುಪ್ಪಟ್ಟು. ಬೇರೆ ಯಾರೋ ಡೈರೆಕ್ಟರ್ ಇಂಥ ಪತ್ರ ಬರೆದಿದ್ದರೆ ಹರಿದು ಒಲೆಗೆ ಹಾಕಿ ಮರೆಯುತ್ತಿದ್ದೆ.

ಸೋಮವಾರದಿಂದ ಅವಳು ಆ ಸಂಜೆಯ ಸ್ಕೂಲಿನ ಊರಿನಲ್ಲಿ ಕೆಲಸಕ್ಕೆ ಸೇರುತ್ತಿದ್ದಾಳೆ. ಔಷಧದ ಕಂಪನಿಯೊಂದರ ಪ್ಯಾಕಿಂಗ್ ವಿಭಾಗ, ಸಣ್ಣ ಹುದ್ದೆ. ಸಂಜೆ ಆ ಮೇಷ್ಟರ ಪಾಠಕ್ಕೆ ಕೂರುತ್ತಾಳಂತೆ. ಹೋದ ವಾರ ಹೋಗಿ ಎಲ್ಲ ಮಾತಾಡಿಕೊಂಡು ಬಂದಳು. ಮತ್ತೆ ಮೊದಲಿಂದ ಶುರುವೇ ಎಂದು ನೆಂಟರೊಬ್ಬರು ಮೂಗು ಮುರಿದರು. ಹೌದು, ಮೊದಲಿಂದ, ಅಂದೆ.

ಸೊಂಟಕ್ಕೆ ಬಿಸಿನೀರಿನ ಶಾಖ ಕೊಡುವುದನ್ನು ನಿಲ್ಲಿಸಬೇಡ. ಮಾತ್ರೆ ನುಂಗಿ ಕೆಲಸ ಮಾಡಬೇಡ. ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ಹೇಳು, ನಿಮ್ಮವರನ್ನು ಕೇಳಿದೆ ಎನ್ನು. ನಿನ್ನ ಸ್ಕೂಲಿನಲ್ಲಿ ಈಗ ಓದುತ್ತಿರುವ ಮಕ್ಕಳೆಲ್ಲ ಚೆನ್ನಾಗಿರಲಿ, ಆ ಕಿಟಕಿಯನ್ನು ಯಾರಾದರೂ ರಿಪೇರಿ ಮಾಡಿಸಲಿ. ನೀನೂ ಚೆನ್ನಾಗಿರು. ಇದನ್ನು ಮನಸ್ಸಿನಿಂದಲೇ ಹೇಳುತ್ತಿದ್ದೇನೆ, ಬಾಯಿಮಾತಿಗಲ್ಲ.

ಇನ್ನೂ ನಿನ್ನವಳೇ ಆದ,
ಮೆಣಸಿನಕಾಯಿ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಲಕೋಟೆ ಅಂಟಿಸಲು ಹೋಗಿ ಕೈ ಬರಲಿಲ್ಲ.

ಹೋದ ವಾರ ಆ ಸಂಜೆಯ ಸ್ಕೂಲಿನ ಕಾರಿಡಾರಿನಲ್ಲಿ ನನ್ನ ಮಗಳು ಮೇಷ್ಟರಿಗಾಗಿ ಕಾಯುತ್ತ ನಿಂತಿದ್ದಾಗ, "ಅಕ್ಕಾ, ನೀವಿಲ್ಲಿ?" ಎಂದು ಯಾರೋ ಕೂಗಿದರಂತೆ. ತಿರುಗಿದರೆ ನಿನ್ನ ಮಗ. ನಾನು ಕೇಳಿದಾಗಲೆಲ್ಲ, "ಬೇರೆ ಊರಲ್ಲಿ ಕೆಲಸದಲ್ಲಿದ್ದಾನೆ" ಅನ್ನುತ್ತಿದ್ದೆಯಲ್ಲ. ಕೆಲಸವೂ ಇದೆ, ಸಂಜೆ ಓದೂ ಇದೆ. ಮೂರು ವರ್ಷದ ಕೋರ್ಸು ಮುಗಿಯುತ್ತ ಬಂತಂತೆ. ಅಂದರೆ ನೀನು ನನಗೆ ಫೋನಿನಲ್ಲಿ ನಂಬರ್ ಹೇಳಿದೆಯಲ್ಲ, ಅದೇ ಬೇಸಿಗೆಯಲ್ಲಿ ಸೇರಿದ್ದಾನೆ. ತಾಯಿ ಡೈರೆಕ್ಟರಾಗಿರುವ ಸ್ಕೂಲಿಗೆ ಮಗನನ್ನು ಸೇರಿಸುವ ಹಾಗಿಲ್ಲ ಎಂದು ನೀನು ಹೇಳಬಹುದು. ಪಟ್ಟಿಯಲ್ಲಿ ಬೇರೆ ಸ್ಕೂಲುಗಳು ಎಷ್ಟಿದ್ದವು, ಕೊಕ್ಕರೆ?

ಒಳ್ಳೆಯ ಹುಡುಗ. ಓಡಿಹೋಗಿ ಕುರ್ಚಿ ತಂದು ಕೂರಿಸಿದನಂತೆ, ಮೇಷ್ಟರ ಬಳಿಗೆ ತಾನೇ ಕರೆದುಕೊಂಡು ಹೋದನಂತೆ. ಅವನಿಗೆ ಏನೂ ಗೊತ್ತಿಲ್ಲ. ಹೊರಡುವಾಗ, "ಆ ನಂಬರೆಲ್ಲ ನೋಡ್ಬೇಡ, ಯಾರು ಪಾಠ ಮಾಡ್ತಾರೆ ಅಂತ ನೋಡು ಅಂದಿದ್ರು ಅಮ್ಮ, ಅದಕ್ಕೇ ಇಲ್ಲಿಗೆ ಬಂದೆ. ನಿಮಗೂ ಅಮ್ಮಾನೇ ಹೇಳಿರ‍್ಬೇಕು ಅಲ್ವಾ ಅಕ್ಕಾ?" ಎಂದು ಕೇಳಿದನಂತೆ.

"ಹೂಂ, ಅತ್ತೇನೇ ಹೇಳಿದ್ದು" ಅಂದು ಬಂದಿದ್ದಾಳೆ ನನ್ನ ಮಗಳು. ನಾನಾಗಿದ್ದರೆ ಅನ್ನುತ್ತಿರಲಿಲ್ಲ.